ಬೋರ್ಡು ಯಾರದೋ ಬ್ಯಾಂಡು ಅವರದೇ

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ನಮಗೆ ಗಾದೆ. 1967ರ ಲಂಡನ್ನಿನಲ್ಲಿ ಅದು ನಡೆದೇ ಹೋಯಿತು. ಜಾನ್ ಮೇಯಲ್‌ನ ಬ್ಲೂಸ್‌ಬ್ರೇಕರ್ಸ್ ತಂಡ ಬಿಟ್ಟು ಬಂದ ಗಿಟಾರ್ ವಾದಕ ಪೀಟರ್ ಗ್ರೀನ್ ತನ್ನದೇ ಬ್ಯಾಂಡ್ ಕಟ್ಟಿದ. ಡ್ರಮ್ಮರ್ ಮಿಕ್ ಫ್ಲೀಟ್‌ವುಡ್, ಬೇಸ್ ನುಡಿಸುವ ಜಾನ್ ಮ್ಯಾಕ್‌ವೀ ಇಬ್ಬರ ಹೆಸರನ್ನೂ ಕೂಡಿಸಿ ‘ಫ್ಲೀಟ್‌ವುಡ್ ಮ್ಯಾಕ್’ ಎಂದು ನಾಮಕರಣ ಮಾಡಿದ. ತೊಡಕು ಒಂದೇ: ಮ್ಯಾಕ್‌ವೀ ಇನ್ನೂ ಬಂದೇ ಇರಲಿಲ್ಲ. ಮೇಯಲ್ ಬಳಿ ತಪ್ಪದೆ ಸಂಬಳ ಸಿಗುತ್ತಿತ್ತು. ಬ್ಲೂಸ್ ಮೇಲಿನ ಪ್ರೀತಿ ಎಷ್ಟೇ ಇರಲಿ, ಮನೆ ಬಾಡಿಗೆ ಅದರಿಂದ ಹುಟ್ಟುವುದಿಲ್ಲ. ಆಗಸ್ಟ್ 13ರಂದು ವಿಂಡ್ಸರ್ ಉತ್ಸವದಲ್ಲಿ ಬ್ಯಾಂಡ್ ಮೊದಲ ಸಲ ವೇದಿಕೆ ಹತ್ತಿದಾಗ ‘ಮ್ಯಾಕ್’ ಜಾಗದಲ್ಲಿ ನಿಂತು ನುಡಿಸಿದವನು ಬಾಬ್ ಬ್ರನ್ನಿಂಗ್ ಎಂಬ ಬೇರೊಬ್ಬ.

ಈ ಬ್ರನ್ನಿಂಗ್ ಕೆಲವೇ ವಾರ ಇದ್ದು, ಮ್ಯಾಕ್‌ವೀ ಬಂದ ಕೂಡಲೇ ಜಾಗ ಖಾಲಿ ಮಾಡಿದ. ಮುಂದೆ ಶಾಲಾ ಮೇಷ್ಟ್ರಾದ. ಆಮೇಲೆ ಈ ಬ್ಯಾಂಡಿನ ಚರಿತ್ರೆಯನ್ನೇ ಬರೆದ, ಅದೂ ಒಂದಲ್ಲ. ಒಂದು ಪುಸ್ತಕದ ಹೆಸರಿನಲ್ಲಿ ‘ರೂಮರ್ಸ್ ಅಂಡ್ ಲೈಸ್’ ಎಂದೇ ಇದೆ. ಮಿಕ್ ಫ್ಲೀಟ್‌ವುಡ್ ಸುಮ್ಮನಿರುತ್ತಾನೆಯೇ? 1990ರಲ್ಲಿ ಒಂದು ಆತ್ಮಕಥೆ, ಅದು ಸಾಲದೆಂದು 2014ರಲ್ಲಿ ಇನ್ನೊಂದು. ಒಂದೇ ಬದುಕನ್ನು ಎರಡು ಸಲ ಬರೆಯುವವನ ಬಗ್ಗೆ ನನಗೆ ಅಪಾರ ಗೌರವ. ಮೊದಲ ಪುಸ್ತಕ ಓದಿದವರು ಏನೆಂದುಕೊಂಡರೆಂದು ನೋಡಿಕೊಂಡು ಎರಡನೆಯದನ್ನು ತಿದ್ದಿ ಬಾಳಬಹುದು.

ಗ್ರೀನ್ ತನ್ನ ಹೆಸರು ಬಿಟ್ಟು ಅವರಿಬ್ಬರ ಹೆಸರಿಟ್ಟದ್ದೇಕೆ? ನಾಳೆ ನಾನು ಹೊರಟುಹೋದರೂ ಇವರಿಗೊಂದು ಬ್ಯಾಂಡ್ ಇರಲಿ ಎಂಬ ಕಾಳಜಿಯಿಂದ ಎನ್ನುತ್ತಾರೆ. ಇಂಥ ಔದಾರ್ಯಕ್ಕೆ ಇತಿಹಾಸ ತೀರಿಸುವ ಋಣ ಹೇಗಿರುತ್ತದೆ ನೋಡಿ. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡು ಬರೆದವನು ಗ್ರೀನ್. ಲೋಕವೆಲ್ಲ ಅದು ಗಿಟಾರಿಗ ಸಾಂಟಾನಾನದು ಎಂದುಕೊಂಡಿತು. ಬ್ಯಾಂಡಿನ ಹಣವನ್ನೆಲ್ಲ ದಾನ ಮಾಡೋಣ ಎಂದ. ಉಳಿದವರಿಗೆ ಈ ದಾನದ ರಾಗ ಮಾತ್ರ ಹಿಡಿಸಲಿಲ್ಲ. 1970ರಲ್ಲಿ ಆತ ಹೊರಟ. ಮ್ಯೂನಿಕ್‌ನಲ್ಲಿ ಒಂದು ರಾತ್ರಿ ಯಾರೋ ಎಲ್ಎಸ್‌ಡಿ ಕೊಟ್ಟು ಅವನನ್ನು ಹಾಳುಮಾಡಿದರು ಎಂಬುದು ಬ್ಯಾಂಡಿನವರ ಹೇಳಿಕೆ. ಗ್ರೀನ್ ಮಾತ್ರ ಆ ರಾತ್ರಿ ತಾನು ನುಡಿಸಿದ ಸಂಗೀತವನ್ನು ಖುಷಿಯಿಂದಲೇ ನೆನೆಯುತ್ತಿದ್ದ. ಅವನ ಮಾನಸಿಕ ಕಾಯಿಲೆ ನಿಜ, ಸಂಕಟ ನಿಜ. ಆದರೆ ಒಬ್ಬ ಮನುಷ್ಯ ಕೆಲಸ ಬಿಡಲು ಸಹೋದ್ಯೋಗಿಗಳೂ ಕಾರಣವಿರಬಹುದು ಎಂಬ ಸಾಧ್ಯತೆಯನ್ನು ಒಂದೇ ರಾತ್ರಿಯಲ್ಲಿ ಮುಚ್ಚಿಹಾಕಲು ಮ್ಯೂನಿಕ್ ಬಹಳ ಅನುಕೂಲದ ಊರು.

ಉಳಿದ ಗಿಟಾರಿಗರ ಕಥೆ ಬೇಗ ಮುಗಿಯುತ್ತದೆ. ಜೆರೆಮಿ ಸ್ಪೆನ್ಸರ್ 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪುಸ್ತಕದಂಗಡಿಗೆ ಹೋಗಿಬರುತ್ತೇನೆಂದು ಹೊರಟು ‘ಚಿಲ್ಡ್ರನ್ ಆಫ್ ಗಾಡ್’ ಪಂಥ ಸೇರಿದ. ಡ್ಯಾನಿ ಕರ್ವನ್ 1972ರಲ್ಲಿ ಕಛೇರಿಗೆ ಮುಂಚೆ ಗಿಟಾರ್ ಒಡೆದು, ವೇದಿಕೆ ಹತ್ತುವುದಿಲ್ಲವೆಂದು ಕೂತ, ಕೆಲಸ ಹೋಯಿತು. ಬಾಬ್ ವೆಸ್ಟನ್‌ಗೆ ಮಿಕ್‌ನ ಹೆಂಡತಿಯ ಜೊತೆ ಪ್ರೇಮ. 1973ರಲ್ಲಿ ಅಮೆರಿಕ ಪ್ರವಾಸದ ನಡುವೆಯೇ ಅವನನ್ನು ಕಳಿಸಿದರು, ಪ್ರವಾಸವೂ ನಿಂತಿತು.

ಈಗ ಬಂದ ನೋಡಿ ಮ್ಯಾನೇಜರ್ ಕ್ಲಿಫರ್ಡ್ ಡೇವಿಸ್. ಪ್ರವಾಸ ನಿಂತರೆ ಮುಂಗಡ ವಾಪಸ್ ಕೊಡಬೇಕು. ವಾದಕರು ಬರದಿದ್ದರೇನು, ಹೆಸರು ನನ್ನದು ಎಂದ. 1974ರ ಜನವರಿಯಲ್ಲಿ ಎಲ್ಮರ್ ಗ್ಯಾಂಟ್ರಿ, ಕರ್ಬಿ ಗ್ರೆಗರಿ ಮೊದಲಾದವರನ್ನು ಕಲೆಹಾಕಿ ‘ಫ್ಲೀಟ್‌ವುಡ್ ಮ್ಯಾಕ್’ ಎಂದು ಅಮೆರಿಕಕ್ಕೆ ಹೊರಡಿಸಿದ. ಅದರಲ್ಲಿ ಫ್ಲೀಟ್‌ವುಡ್ ಇಲ್ಲ, ಮ್ಯಾಕ್ ಇಲ್ಲ. ಹೆದ್ದಾರಿಯ ಪಕ್ಕ ‘ನಮಗೆ ಬೇರೆಲ್ಲೂ ಶಾಖೆಗಳಿಲ್ಲ’ ಎಂಬ ಬೋರ್ಡು ಹಾಕಿಕೊಂಡು ಎದುರುಬದುರು ನಿಂತ ಎರಡು ತಟ್ಟೆ ಇಡ್ಲಿ ಹೋಟೆಲುಗಳನ್ನು ಕಂಡ ನಮಗೆ ಇದು ಹೊಸದೇನಲ್ಲ. ಟಿಕೆಟ್ ಕೊಂಡ ಅಮೆರಿಕನ್ನರಿಗೆ ಮಾತ್ರ ಹೊಸದಾಗಿತ್ತು.

ಈ ನಕಲಿಗಳನ್ನು ಬೈದು ಮುಗಿಸುವುದು ಸುಲಭ. ಆದರೆ ಅವರದೂ ಒಂದು ಅಹವಾಲಿದೆ: ಮಿಕ್ ಒಪ್ಪಿದ್ದ, ಆಮೇಲೆ ಬಂದು ಸೇರಿಕೊಳ್ಳುವವನಿದ್ದ, ಕೊನೆಗೆ ಕೈಕೊಟ್ಟ ಎಂದು ಗ್ಯಾಂಟ್ರಿ ಮತ್ತು ಗ್ರೆಗರಿ ಹೇಳುತ್ತಲೇ ಬಂದರು. ಹಾಗೇನಿಲ್ಲ ಎಂದು ಮಿಕ್. ಪ್ರವಾಸ ಮುರಿದುಬಿದ್ದ ಮೇಲೆ ಅವರು ‘ಸ್ಟ್ರೆಚ್’ ಎಂಬ ಹೆಸರಿನಲ್ಲಿ ಅವನನ್ನೇ ಗುರಿಯಿಟ್ಟು ‘ವೈ ಡಿಡ್ ಯು ಡು ಇಟ್’ ಎಂದು ಹಾಡಿದರು. 1975ರಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ 16ನೇ ಸ್ಥಾನಕ್ಕೇರಿತು. ಅಸಲಿ ಬ್ಯಾಂಡಿನ ಮೇಲೆ ನಕಲಿ ಬ್ಯಾಂಡ್ ಕಟ್ಟಿದ ದೂರು ಅಸಲಿ ಹಿಟ್ ಆಯಿತು.

ಕೋರ್ಟಿನ ಕಥೆ ಇನ್ನೂ ರುಚಿ. ಆಗ ಬ್ಯಾಂಡಿನಲ್ಲಿದ್ದ ಕ್ರಿಸ್ಟೀನ್ ಮ್ಯಾಕ್‌ವೀ ಮತ್ತು ಬಾಬ್ ವೆಲ್ಚ್ ಬರೆದ ಹಾಡುಗಳೂ ನನ್ನವೇ ಎಂದು ಡೇವಿಸ್ ಹೊಸ ಆಲ್ಬಮ್ಮಿಗೆ ತಡೆ ತರಲು ಹೋದ. ಅವನ ಕರಾರು ಪತ್ರದ ಪ್ರಕಾರ ತಿಂಗಳಿಗೆ ಒಂದಾದರೂ ಹಾಡು ಕೊಡಬೇಕು. ಹಕ್ಕು ಬರೆದುಕೊಡುವುದಕ್ಕೆ ಹಾಡಿಗೆ ಒಂದು ಶಿಲಿಂಗ್, ರಾಯಲ್ಟಿ ಬೇರೆ. ಮೇಲ್ಮನವಿ ನ್ಯಾಯಾಲಯದಲ್ಲಿ ಲಾರ್ಡ್ ಡೆನ್ನಿಂಗ್ ಇದನ್ನು ಕಂಡು, ಬಲವಿದ್ದವನು ಬಲವಿಲ್ಲದವರಿಂದ ಬರೆಸಿಕೊಂಡ ಪತ್ರವೆಂದು ತಡೆ ನಿರಾಕರಿಸಿದರು. ಬ್ಯಾಂಡಿನ ಹೆಸರು ಕಾನೂನಿನ ಪಠ್ಯಪುಸ್ತಕ ಸೇರಿದ್ದು ಹೀಗೆ. ಆ ಆಲ್ಬಮ್ಮಿನ ಹೆಸರು ‘ಹೀರೋಸ್ ಆರ್ ಹಾರ್ಡ್ ಟು ಫೈಂಡ್’.

ಹೆಸರು ಕೊನೆಗೆ ಮಿಕ್ ಬಳಗಕ್ಕೇ ಉಳಿಯಿತು. ಲಿಂಡ್ಸಿ ಬಕಿಂಗ್‌ಹ್ಯಾಮ್, ಸ್ಟೀವಿ ನಿಕ್ಸ್ ಬಂದರು. 1975ರ ಆಲ್ಬಮ್ಮಿಗೆ ‘ಫ್ಲೀಟ್‌ವುಡ್ ಮ್ಯಾಕ್’ ಎಂದೇ ಹೆಸರಿಟ್ಟರು. 1968ರ ಮೊದಲ ಆಲ್ಬಮ್ಮಿಗೂ ಅದೇ ಹೆಸರಿತ್ತು ಎಂಬುದು ಬಹುಶಃ ಯಾರಿಗೂ ಅಡ್ಡಿಯಾಗಲಿಲ್ಲ. 1977ರ ‘ರೂಮರ್ಸ್’ ನಾಲ್ಕು ಕೋಟಿಗೂ ಮೀರಿ ಮಾರಾಟವಾಯಿತು. ಬ್ಲೂಸ್? ಅದು ಮುನ್ನುಡಿಯಲ್ಲಿದೆ. ತೊಂಬತ್ತರ ದಶಕದ ಮಧ್ಯದಲ್ಲಂತೂ ಇದೇ ಹೆಸರಲ್ಲಿ ಊರೂರು ತಿರುಗಿದ ತಂಡದಲ್ಲಿ ಹಳಬರೆಂದರೆ ಡ್ರಮ್ಮು ಮತ್ತು ಬೇಸು ಮಾತ್ರ. ಆಗ ಯಾರೂ ನಕಲಿ ಎನ್ನಲಿಲ್ಲ. ಅಸಲಿತನಕ್ಕೆ ಅರ್ಹತೆ ಏನೆಂದು ಕೇಳುವವರು ಇಷ್ಟು ಬರೆದಿಟ್ಟುಕೊಳ್ಳಬಹುದು: ಬೋರ್ಡಿನಲ್ಲಿ ನಿಮ್ಮ ಹೆಸರಿರಬೇಕು, ಹಾಡು ನೀವೇ ಬರೆದಿರಬೇಕೆಂದಿಲ್ಲ.

1998ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಈ ಬ್ಯಾಂಡನ್ನು ಸೇರಿಸಿಕೊಂಡಿತು. ಗ್ರೀನ್, ಸ್ಪೆನ್ಸರ್, ಕರ್ವನ್ ಸೇರಿ ಎಂಟು ಜನರ ಪಟ್ಟಿ. ಅದೇ ಸಮಾರಂಭದಲ್ಲಿ ಗ್ರೀನ್ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ನುಡಿಸಿದ, ಅದೂ ಸಾಂಟಾನಾನ ಜೊತೆ. ಬಾಬ್ ವೆಲ್ಚ್ ಹೆಸರು ಎಲ್ಲೂ ಇಲ್ಲ. ಐದು ಆಲ್ಬಮ್ಮುಗಳಲ್ಲಿ ನುಡಿಸಿದವನು, ಲಾಸ್ ಏಂಜಲೀಸ್‌ಗೆ ಹೋಗಿ ನಿಂತು ಹೋರಾಡೋಣವೆಂದು ಬ್ಯಾಂಡನ್ನು ಅಲ್ಲಿಗೆ ಸೆಳೆದವನು, ಕೋರ್ಟಿನಲ್ಲಿ ಯಾರ ಹಾಡುಗಳ ಮೇಲೆ ವಾದ ನಡೆಯಿತೋ ಆ ಇಬ್ಬರಲ್ಲಿ ಒಬ್ಬ. 1994ರಲ್ಲಿ ರಾಯಲ್ಟಿ ಕೇಳಿ ಹಳೆಯ ಗೆಳೆಯರ ಮೇಲೆಯೇ ದಾವೆ ಹೂಡಿದ್ದ. ಅದಕ್ಕೇ ತನ್ನನ್ನು ಬಿಟ್ಟರೆಂದು ಅವನ ನಂಬಿಕೆ. 2012ರಲ್ಲಿ ವೆಲ್ಚ್ ತೀರಿಕೊಂಡ. ಪಟ್ಟಿಯಲ್ಲಿ ಇವತ್ತಿಗೂ ಎಂಟೇ ಹೆಸರು.