ಕುರ್ಚಿ ಎಣಿಸುವ ಅಂಕಲ್

ಶಿವಮೊಗ್ಗ, ಭದ್ರಾವತಿಗಳ ಯಾವ ಚರ್ಚಿನಲ್ಲೂ ‘ಅಂಕಲ್’ ಎಂಬ ಹುದ್ದೆ ಇಲ್ಲ. ಪಾಲನಾ ಪರಿಷತ್ತಿಗೆ ಉಪಾಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ಹಣಕಾಸು ಸಮಿತಿ ಇದೆ, ವಾರ್ಡಿಗೊಬ್ಬ ಗುರಿಕಾರರಿದ್ದಾರೆ. ಪ್ರೊಟೆಸ್ಟೆಂಟರ ಸಿಎಸ್‌ಐ ಸಭೆಯಾದರೆ ಕಮಿಟಿಯ ಹಿರಿಯರು, ಖಜಾಂಚಿ. ಇವರೆಲ್ಲರ ಹೆಸರು ಬಾಗಿಲ ಪಕ್ಕದ ಬೋರ್ಡಿನಲ್ಲಿರುತ್ತದೆ. ಅಂಕಲ್ ಹೆಸರು ಅಲ್ಲಿರುವುದಿಲ್ಲ. ಅದು ಇರುವುದು ಶಾಮಿಯಾನದವನ ಮೊಬೈಲಿನಲ್ಲಿ, ‘ಚರ್ಚ್ ಅಂಕಲ್, ಬಾಕಿ’ ಎಂದು.

ವಯಸ್ಸು ಅರವತ್ತರ ಆಚೀಚೆ. ಶಿವಮೊಗ್ಗದವರಾದರೆ ಮೇಷ್ಟರಾಗಿಯೋ ಕೆಇಬಿಯಲ್ಲೋ ಬಸ್ ಡಿಪೊದಲ್ಲೋ ದುಡಿದವರು. ಭದ್ರಾವತಿಯವರಾದರೆ ಕಬ್ಬಿಣದ ಕಾರ್ಖಾನೆ, ಇಲ್ಲವೇ ಕಾಗದದ ಕಾರ್ಖಾನೆ. ನಿವೃತ್ತಿಯಾದದ್ದು ಸಂಬಳಕ್ಕೆ ಮಾತ್ರ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ರಬ್ಬರ್ ಬ್ಯಾಂಡ್ ಸುತ್ತಿದ ಊಟದ ಕೂಪನ್ನು, ಹೋದ ವರ್ಷದ ಜನರೇಟರ್ ಬಿಲ್ಲು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಅದರಲ್ಲಿ ಅರ್ಧದಷ್ಟು ಯಾವ ಬೀಗದ್ದೆಂದು ಅಂಕಲ್‌ಗೂ ನೆನಪಿಲ್ಲ, ಆದರೆ ಬಿಸಾಡಲು ಧೈರ್ಯವಿಲ್ಲ. ಪೂಜೆಗೆ ಬಂದವರು ಪೀಠದ ಕಡೆ ನೋಡುತ್ತಾರೆ. ಅಂಕಲ್ ಹಿಂಬಾಗಿಲಲ್ಲಿ ನಿಂತು ಬಂದವರ ಬೆನ್ನುಗಳ ಕಡೆ ನೋಡುತ್ತಾರೆ. ತುಟಿ ಅಲುಗುತ್ತಿರುತ್ತದೆ. ಹೊಸಬರು ಅದನ್ನು ಜಪ ಎಂದುಕೊಳ್ಳುವುದುಂಟು. ಅದು ಸಾಲಿಗೆ ಎಂಟರಂತೆ ಗುಣಾಕಾರ.

ಈ ಗುಣಾಕಾರ ಸುಲಭದ್ದಲ್ಲ. ಕೂಪನ್ ತೆಗೆದುಕೊಂಡು ಬಾರದವರು, ತೆಗೆದುಕೊಳ್ಳದೆ ಬರುವವರು, ಈ ಎರಡೂ ಲೆಕ್ಕ ಒಂದಕ್ಕೊಂದು ಸರಿಹೋಗುತ್ತದೆ ಎಂಬುದು ಸಮಿತಿಯ ನಂಬಿಕೆ. ಬಾರದವನು ಒಬ್ಬನಾದರೆ ಕೂಪನ್ ಇಲ್ಲದೆ ಬರುವವರು ನೆಂಟರಿಷ್ಟರು ಸೇರಿ ಮೂವರು ಎಂಬುದು ಅಂಕಲ್ ಅನುಭವ. ಪಟ್ಟಿಯಲ್ಲಿ ‘ವೆಜ್’ ಎಂದು ಬರೆಸಿದವರು ಬಿರಿಯಾನಿಯ ಮುಚ್ಚಳ ತೆಗೆದ ಕೂಡಲೇ ಮನಸ್ಸು ಬದಲಿಸುವ ಪ್ರಮಾಣವೂ ಇದರಲ್ಲಿ ಸೇರಿದೆ. ಸಭೆಯಲ್ಲಿ ‘ಮುನ್ನೂರು ಊಟ ಸಾಕು’ ಎಂದು ಠರಾವು ಆಗುತ್ತದೆ. ಅಂಕಲ್ ತಲೆಯಾಡಿಸಿ ಹೊರಗೆ ಬಂದು ಅಡುಗೆಯವನಿಗೆ ‘ನಾನೂರಕ್ಕೆ ಹಾಕು’ ಎನ್ನುತ್ತಾರೆ. ಊಟ ಮಿಕ್ಕರೆ ಬೈಗುಳ ಅಂಕಲ್‌ಗೆ, ಸಾಲದಿದ್ದರೂ ಅಂಕಲ್‌ಗೆ, ಸರಿಹೋದರೆ ಅಭಿನಂದನೆ ಸಮಿತಿಗೆ.

ಈ ವ್ಯಕ್ತಿ ಹುಟ್ಟಿಕೊಂಡದ್ದಕ್ಕೆ ಊರುಗಳ ಸ್ವಭಾವವೇ ಕಾರಣ. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಹುಡುಕಿ ಬಂದವರಲ್ಲಿ ಕನ್ನಡದವರು, ತಮಿಳರು, ತೆಲುಗರು, ಮಲಯಾಳಿಗಳು, ಕರಾವಳಿಯ ಕೊಂಕಣಿಗರು ಎಲ್ಲರೂ ಇದ್ದರು. ಶಿಫ್ಟಿನಲ್ಲಿ ಒಟ್ಟಿಗಿದ್ದವರು ಭಾನುವಾರವೂ ಒಟ್ಟಾದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ತನಕ ಕ್ಯಾಥೋಲಿಕರ ಪೂಜೆ ಲ್ಯಾಟಿನ್ನಿನಲ್ಲಿತ್ತು. ಯಾರಿಗೂ ಅರ್ಥವಾಗದ್ದರಿಂದ ಜಗಳವೂ ಇರಲಿಲ್ಲ. 1960ರ ದಶಕದ ಬಳಿಕ ಪೂಜೆ ಜನರ ಭಾಷೆಗೆ ಬಂತು. ಯಾವ ಜನರದ್ದು ಎಂಬ ಪ್ರಶ್ನೆಯೂ ಜೊತೆಗೇ ಬಂತು. ಹಬ್ಬದ ದಿನ ಹಾಡು ಯಾವ ಭಾಷೆಯಲ್ಲಿ ಎಷ್ಟು ಎಂದು ಹಂಚುವ ಕೆಲಸ ಯಾವ ಸಮಿತಿಯೂ ಮೈಮೇಲೆ ಹಾಕಿಕೊಳ್ಳದ್ದರಿಂದ ಅದು ಅಂಕಲ್ ಪಾಲಿಗೆ ಉಳಿಯಿತು. ಅವರ ಪರಿಹಾರ ಸರಳ: ಪ್ರಕಟಣೆ ಕನ್ನಡದಲ್ಲಿ, ಕಾಣಿಕೆ ಕೇಳುವುದು ಕೊಡುವವರ ಭಾಷೆಯಲ್ಲಿ, ಬೈಯುವುದು ಐದರಲ್ಲೂ.

ಆಡಳಿತದ ಲೆಕ್ಕ ಇನ್ನೂ ತೊಡಕು. ಶಿವಮೊಗ್ಗ ಧರ್ಮಪ್ರಾಂತ ಚಿಕ್ಕಮಗಳೂರಿನಿಂದ ಬೇರೆಯಾಗಿ ಹುಟ್ಟಿದ್ದು 1988ರ ನವೆಂಬರ್‌ನಲ್ಲಿ; ಬಿ.ಎಚ್. ರಸ್ತೆಯ ಪವಿತ್ರ ಹೃದಯದ ಚರ್ಚು ಅದರ ಪ್ರಧಾನಾಲಯ. ಕೇರಳ ಮೂಲದವರ ಸೀರೋ ಮಲಬಾರ್ ಪದ್ಧತಿಗೆ 2007ರಲ್ಲಿ ಭದ್ರಾವತಿ ಹೆಸರಿನಲ್ಲೇ ಬೇರೆ ಧರ್ಮಪ್ರಾಂತ ಆಯಿತು. ಸಿಎಸ್‌ಐ 1947ರಿಂದ ತನ್ನ ದಾರಿಯಲ್ಲಿದೆ. ಹೀಗಾಗಿ ಒಂದೇ ಊರಿನಲ್ಲಿ ಒಬ್ಬರು ‘ಫಾದರ್’, ಒಬ್ಬರು ‘ಅಚ್ಚನ್’, ಒಬ್ಬರು ‘ಅಯ್ನೋರು’. ದೇವಶಾಸ್ತ್ರದ ಭೇದ ಏನಿದ್ದರೂ ಐವತ್ತು ಕೆಜಿ ಅನ್ನ ಬೇಯಿಸುವ ಹಂಡೆಗೆ ಪಂಥವಿಲ್ಲ. ಒಂದು ಸಭೆಯ ಅಂಕಲ್ ಇನ್ನೊಂದು ಸಭೆಯ ಅಂಕಲ್‌ಗೆ ಹಂಡೆ, ಸೌಟು, ತಗಡಿನ ತಟ್ಟೆ ಕೊಟ್ಟು ತರುವ ಸಂಬಂಧ ಪಂಥಗಳ ಒಗ್ಗಟ್ಟಿನ ಸಮ್ಮೇಳನಗಳಿಗಿಂತ ಗಟ್ಟಿ.

ಅಂಕಲ್ ವರ್ಷ ಡಿಸೆಂಬರಿನಲ್ಲಿ ಶುರುವಾಗುತ್ತದೆ. ಕ್ಯಾರೋಲ್ ತಂಡ ಯಾವ ಬೀದಿಗೆ ಯಾವ ರಾತ್ರಿ ಎಂಬ ಪಟ್ಟಿ ತಯಾರಾಗುತ್ತದೆ. ಹುಡುಗರ ಕಣ್ಣಿಗೆ ಅದು ವಿನೋಬನಗರ, ಗೋಪಾಳ, ಶರಾವತಿ ನಗರ. ಅಂಕಲ್ ಕಣ್ಣಿಗೆ ಕೇಕ್ ಕೊಡುವ ಮನೆ, ಕಾಫಿ ಮಾತ್ರ ಕೊಡುವ ಮನೆ, ನಾಯಿ ಕಟ್ಟದ ಮನೆ. ಸಾಂಟಾ ವೇಷಕ್ಕೆ ಸಿಗುವ ಹುಡುಗ ಯಾವಾಗಲೂ ಸಣಕಲ. ಹೊಟ್ಟೆಗೆ ದಿಂಬು ಕಟ್ಟುವ ಕೆಲಸ ಅಂಕಲ್‌ದು. ನಾಯಿ ಅಟ್ಟಿಸಿಕೊಂಡು ಬಂದಾಗ ದಿಂಬು ಮೊದಲು ಓಡುತ್ತದೆ, ಹುಡುಗ ಆಮೇಲೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡವೆಂಬುದು 2000ದ ಶಬ್ದಮಾಲಿನ್ಯ ನಿಯಮ. ಹಾಗಾಗಿ ಹಬ್ಬಕ್ಕೆ ಮುಂಚೆ ಠಾಣೆಗೆ ಅರ್ಜಿ ಹಿಡಿದು ಹೋಗುವುದೂ ಅವರೇ. ಅರ್ಜಿಯ ಜೊತೆ ಅವರ ಹೆಂಡತಿ, ಅಂದರೆ ಆಂಟಿ, ಮಾಡಿದ ಕುಸ್ವಾರ್ ಡಬ್ಬಿ ಇರುತ್ತದೆ. ಅದು ಲಂಚವಲ್ಲ, ಹಬ್ಬದ ತಿಂಡಿ ಎಂದು ಅಂಕಲ್ ಕೇಳದಿದ್ದರೂ ಹೇಳುತ್ತಾರೆ.

ಗೋದಲಿ ಕಟ್ಟುವುದರಲ್ಲಿ ಎರಡು ಊರಿಗೆ ಎರಡು ಶೈಲಿ. ಶಿವಮೊಗ್ಗದ ಕಡೆ ಅಡಿಕೆ ದಬ್ಬೆ, ಸೋಗೆ, ಮರದ ಪಾಚಿ. ಬೆತ್ಲೆಹೇಮಿನ ಕೊಟ್ಟಿಗೆ ತೀರ್ಥಹಳ್ಳಿಯ ಕೊಟ್ಟಿಗೆಯಂತೆಯೇ ಕಾಣುತ್ತದೆ. ಭದ್ರಾವತಿಯ ಅಂಕಲ್‌ಗೆ ವೆಲ್ಡಿಂಗ್ ಗೊತ್ತು. ಆದ್ದರಿಂದ ಅಲ್ಲಿನ ನಕ್ಷತ್ರಕ್ಕೆ ಬಿದಿರು ಸಾಲದು, ಕಬ್ಬಿಣವೇ ಆಗಬೇಕು. ಮೇಲೆ ಬಣ್ಣದ ಕಾಗದ. ಊರಿನ ಎರಡೂ ಕಾರ್ಖಾನೆಗಳು ಒಂದೇ ನಕ್ಷತ್ರದಲ್ಲಿ ಸೇರಿದಂತಾಯಿತು. ಏರಿಸಲು ಆರು ಜನ ಬೇಕು. ಮೂಡಣದ ಜ್ಞಾನಿಗಳಿಗೆ ದಾರಿ ತೋರಿದ ನಕ್ಷತ್ರ ಚಲಿಸಿತ್ತು. ಇದು ಒಮ್ಮೆ ಏರಿತೆಂದರೆ ಫೆಬ್ರುವರಿಯವರೆಗೂ ಅಲ್ಲಿಂದ ಕದಲುವುದಿಲ್ಲ.

ಸಿಎಸ್‌ಐ ಸಭೆಯ ಅಂಕಲ್‌ಗೆ ಕ್ರಿಸ್‌ಮಸ್‌ಗಿಂತ ಸುಗ್ಗಿ ಹಬ್ಬ ದೊಡ್ಡದು. ಸಭೆಯವರು ತಂದೊಪ್ಪಿಸಿದ ಬಾಳೆಗೊನೆ, ತೆಂಗು, ಕೋಳಿ, ಸಿಹಿಗುಂಬಳ ಎಲ್ಲವೂ ಆರಾಧನೆಯ ನಂತರ ಹರಾಜಿಗೆ ಬರುತ್ತವೆ. ಗಾಂಧಿ ಬಜಾರಿನಲ್ಲಿ ಐವತ್ತು ರೂಪಾಯಿಗೆ ಸಿಗುವ ಕುಂಬಳ ಇಲ್ಲಿ ಐನೂರು ಮುಟ್ಟಬೇಕು. ಅದಕ್ಕೆ ಬೇಕಾದ ವಿದ್ಯೆ ಎಂದರೆ ಯಾರು ಯಾರಿಗೆ ಷಡ್ಡಕ ಎಂಬ ತಿಳಿವಳಿಕೆ. ಇಬ್ಬರು ಷಡ್ಡಕರನ್ನು ಎದುರುಬದುರು ಕೂರಿಸಿ, ‘ಏನ್ ಮಾರಾಯ್ರೆ, ಅವರು ನಾನೂರು ಅಂದ್ರು, ನೀವು ಸುಮ್ನಿದ್ದೀರಲ್ಲ’ ಎಂದು ಒಂದು ಮಾತು ಬಿಟ್ಟರೆ ಸಾಕು, ಉಳಿದದ್ದನ್ನು ಹೆಂಡತಿಯರ ನೋಟ ನೋಡಿಕೊಳ್ಳುತ್ತದೆ. ಗೆದ್ದವರು ಕುಂಬಳವನ್ನು ಉದಾರವಾಗಿ ಮತ್ತೆ ಸಭೆಗೇ ಕೊಡುತ್ತಾರೆ, ಅದು ಮತ್ತೆ ಹರಾಜಿಗೆ ಬರುತ್ತದೆ. ಒಂದೇ ಕುಂಬಳ ಮೂರು ಸಲ ಮಾರಾಟವಾಗಿ ಕೊನೆಗೆ ಅಯ್ನೋರ ಮನೆ ಸಾಂಬಾರು ಸೇರುತ್ತದೆ. ಕೋಳಿಯ ವಿಷಯದಲ್ಲಿ ಮಾತ್ರ ಈ ಉದಾರತೆ ಕಂಡುಬರುವುದಿಲ್ಲ.

ತಪಸ್ಸುಕಾಲ ಅಂಕಲ್‌ಗೆ ಬಿಡುವಿನ ಕಾಲ. ಹಬ್ಬವಿಲ್ಲ, ಊಟವಿಲ್ಲ, ಕುರ್ಚಿಯ ಲೆಕ್ಕವಿಲ್ಲ. ಆದರೆ ಪವಿತ್ರ ಗುರುವಾರ ಒಂದಿದೆ. ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಗುರುಗಳು ಅಂದು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಹನ್ನೆರಡು ಜನರನ್ನು ಒಪ್ಪಿಸುವುದೇ ಕಷ್ಟ. ಒಬ್ಬರಿಗೆ ಆಣಿ, ಒಬ್ಬರಿಗೆ ನಾಚಿಕೆ, ಒಬ್ಬರಿಗೆ ಹೋದ ವರ್ಷ ಕರೆಯಲಿಲ್ಲವೆಂಬ ಮುನಿಸು. 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ವಿಧಿ ಗಂಡಸರಿಗೆ ಮಾತ್ರ ಮೀಸಲಾಗಬೇಕಿಲ್ಲ ಎಂದ ಮೇಲೆ ಪಟ್ಟಿ ಸಲೀಸಾಗಬೇಕಿತ್ತು. ಆದರೆ ಒಂದು ವಾರ್ಡಿನಿಂದ ಒಬ್ಬರು ಆಂಟಿಯನ್ನು ಕರೆದರೆ ಉಳಿದ ವಾರ್ಡುಗಳ ಆಂಟಿಯರಿಗೆ ಉತ್ತರ ಹೇಳುವವರು ಯಾರು ಎಂಬ ಹೊಸ ತೊಡಕು ಹುಟ್ಟಿತು. ಆಯ್ಕೆಯಾದ ಹನ್ನೆರಡೂ ಜನ ಮನೆಯಲ್ಲಿ ಸೋಪು, ಬ್ರಷ್ಷು, ಪ್ಯೂಮಿಸ್ ಕಲ್ಲು ಹಾಕಿ ಅರ್ಧ ಗಂಟೆ ಕಾಲುಜ್ಜಿಕೊಂಡೇ ಬರುತ್ತಾರೆ. ಗುರುಗಳಿಗೆ ತೊಳೆಯಲು ಏನೂ ಉಳಿದಿರುವುದಿಲ್ಲ. ಆದರೂ ನೀರು ಹದವಾಗಿ ಬೆಚ್ಚಗಿರಲಿ ಎಂದು ಅಂಕಲ್ ಫ್ಲಾಸ್ಕ್ ಹಿಡಿದು ನಿಂತಿರುತ್ತಾರೆ. ಹನ್ನೊಂದೇ ಜನ ಬಂದರೆ ಹನ್ನೆರಡನೆಯ ಪಾದ ಯಾರದೆಂದು ಹೇಳಬೇಕಾಗಿಲ್ಲ. ಇಡೀ ಚರ್ಚಿನಲ್ಲಿ ನಿಜವಾಗಿ ತೊಳೆಯಬೇಕಾದ ಪಾದ ಅದೊಂದೇ; ಬೆಳಗಿನಿಂದ ಅಂಗಳದಲ್ಲಿ ಚಪ್ಪಲಿಯಿಲ್ಲದೆ ಓಡಾಡಿದ್ದು.

ಪಂಚಾಶತ್ತಮ ಹಬ್ಬ ಕಳೆದು 19ನೇ ದಿನದ ಶುಕ್ರವಾರ ಪವಿತ್ರ ಹೃದಯದ ಹಬ್ಬ. ಅದು ಹೆಚ್ಚಿನ ವರ್ಷ ಜೂನ್‌ಗೇ ಬೀಳುತ್ತದೆ. ದಿನ ನಿಗದಿ ಮಾಡಿದವರಿಗೆ ಮಲೆನಾಡಿನ ಮುಂಗಾರಿನ ಪರಿಚಯವಿರಲಿಲ್ಲ. ಅಂಗಳದಲ್ಲಿ ಕಾರ್ಯಕ್ರಮವಿದ್ದರೆ ಶಾಮಿಯಾನದ ಮೇಲೆ ಟಾರ್ಪಾಲು, ಟಾರ್ಪಾಲಿನ ಹೊಟ್ಟೆಯಲ್ಲಿ ನೀರು. ಕೆಳಗಿನಿಂದ ಬಿದಿರು ಕೋಲಿನಲ್ಲಿ ಎತ್ತಿ ಆ ನೀರನ್ನು ಹೊರಚೆಲ್ಲುವುದು ಅಂಕಲ್ ಕೈಚಳಕ. ಯಾವ ಕಡೆಗೆ ಚೆಲ್ಲಬೇಕು ಎಂಬುದು ಅತಿಥಿ ಭಾಷಣ ಶುರುಮಾಡಿ ಎಷ್ಟು ಹೊತ್ತಾಯಿತು ಎಂಬುದನ್ನು ಅವಲಂಬಿಸಿದೆ ಎನ್ನುವವರಿದ್ದಾರೆ. ಅಂಕಲ್ ಇದನ್ನು ಒಪ್ಪಿಲ್ಲ, ನಿರಾಕರಿಸಿಯೂ ಇಲ್ಲ.

ಯುವಕರ ಸಂಘ ಈಚೆಗೆ ವಾಟ್ಸಾಪ್ ಗುಂಪು ಮಾಡಿ ‘ಯಾರು ಯಾರು ಬರುತ್ತೀರಿ’ ಎಂದು ಕೇಳತೊಡಗಿದೆ. ಬರುವ ಉತ್ತರಗಳಲ್ಲಿ ಕೈಮುಗಿದ ಚಿತ್ರ ಎಂಬತ್ತು, ಹೆಬ್ಬೆರಳು ನಲವತ್ತು, ಯಾರದೋ ಮೊಮ್ಮಗಳ ಹುಟ್ಟುಹಬ್ಬದ ಶುಭಾಶಯ ಅರವತ್ತು. ಕೈಮುಗಿದರೆ ಬರುತ್ತಾರೆಂದೋ ಬರುವುದಿಲ್ಲವೆಂದೋ ಸ್ಪಷ್ಟವಿಲ್ಲ. ಕೊನೆಗೆ ಹುಡುಗರೇ ಬಂದು ‘ಅಂಕಲ್, ಎಷ್ಟಕ್ಕೆ ಹೇಳೋಣ?’ ಎಂದು ಕೇಳುತ್ತಾರೆ. ಆಂಟಿಗೆ ಈ ಜನಪ್ರಿಯತೆಯ ಬಗ್ಗೆ ಬೇರೆ ಅಭಿಪ್ರಾಯವಿದೆ. ಮನೆಯ ಊಟದ ಮೇಜಿನ ಕುರ್ಚಿಯ ಕಾಲು ಮುರಿದು ಆರು ತಿಂಗಳಾಯಿತು. ಮುನ್ನೂರು ಕುರ್ಚಿ ಎಣಿಸುವವರಿಗೆ ಆ ಒಂದು ಕಂಡಿಲ್ಲ.

ಸೆಪ್ಟೆಂಬರ್ 8 ಮಾತೆ ಮರಿಯಳ ಜನನದ ಹಬ್ಬ. ಕರಾವಳಿಯಿಂದ ಬಂದ ಮನೆಗಳಿಗೆ ಅದು ತೆನೆಹಬ್ಬ. ಒಂಬತ್ತು ದಿನ ಮೊದಲೇ ನವೇನ ಶುರುವಾಗಿ ಮಕ್ಕಳು ಬುಟ್ಟಿ ತುಂಬ ಹೂ ತಂದು ಅರ್ಪಿಸುತ್ತಾರೆ. ಮಳೆಗೆ ಮಲೆನಾಡಿನ ಅಂಗಳದಲ್ಲಿ ಡೇರೆ ಹೂ ಅರಳುವ ಕಾಲವಾದ್ದರಿಂದ ಹೂವಿಗೆ ಬರವಿಲ್ಲ. ಯಾರ ಅಂಗಳದ ಹೂವು ಎಂದು ಕೇಳಬಾರದು ಅಷ್ಟೇ. ಬರ ಇರುವುದು ತೆನೆಗೆ. ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಬೇಕು, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಉಣ್ಣಬೇಕು. ಶಿವಮೊಗ್ಗದ ಗದ್ದೆಯಾದರೋ ಜುಲೈ, ಆಗಸ್ಟಿನಲ್ಲಿ ನಾಟಿಯಾಗಿ ಆಗ ಇನ್ನೂ ಮೊಣಕಾಲುದ್ದದ ಹಸಿರು. ಹಬ್ಬ ಕರಾವಳಿಯ ಪಂಚಾಂಗದ್ದು, ಬೆಳೆ ಮಲೆನಾಡಿನದ್ದು. ಮುಂಚಿತವಾಗಿ ಬಿತ್ತಿದ ಯಾವುದಾದರೂ ಗದ್ದೆ ಹುಡುಕಿ ಅಂಕಲ್ ಸ್ಕೂಟರಿನಲ್ಲಿ ಹೊರಡುತ್ತಾರೆ. ಸಿಕ್ಕರೆ ಗದ್ದೆಯವರು, ಹೆಚ್ಚಾಗಿ ಲಿಂಗಾಯತರೋ ಒಕ್ಕಲಿಗರೋ ಆಗಿರುವವರು, ‘ನಿಮ್ಮ ದೇವರಿಗೂ ಹೊಸ ಅಕ್ಕಿ ಬೇಕಾ’ ಎಂದು ನಕ್ಕು ಕೊಡುತ್ತಾರೆ. ಸಿಗದಿದ್ದರೆ ಮಂಗಳೂರಿನ ರಾತ್ರಿ ಬಸ್ಸಿನಲ್ಲಿ ಕಟ್ಟು ಬರುತ್ತದೆ. ತೆನೆ ಎಣಿಸಿ ಮನೆಗಿಷ್ಟು ಎಂದು ಭಾಗ ಮಾಡುವಾಗ ಅಂಕಲ್ ಕೈ ಚಿನ್ನದಂಗಡಿಯವನದಕ್ಕಿಂತ ಬಿಗಿ.

ಅದೇ ದಿನ ಹರಿಹರದ ಆರೋಗ್ಯ ಮಾತೆಯ ಹಬ್ಬ. ಅರ್ಧ ಜನ ಅಲ್ಲಿಗೆ ಹೊರಟಿರುತ್ತಾರೆ, ಲೆಕ್ಕ ಮತ್ತೆ ತಪ್ಪುತ್ತದೆ. ಹಲವು ವರ್ಷ ಗಣೇಶ ಚೌತಿಯೂ ಅದೇ ಹೊತ್ತಿಗೆ ಬರುತ್ತದೆ. ಆಗ ಶಿವಮೊಗ್ಗದಲ್ಲಿ ಬಾಡಿಗೆಗೆ ಒಂದು ಕುರ್ಚಿಯೂ ಉಳಿದಿರುವುದಿಲ್ಲ. ಪ್ರತಿ ಗಣಪತಿ ಸಮಿತಿಯಲ್ಲೂ ಪದವಿಯಿಲ್ಲದ, ಬೀಗದ ಕೈ ಗೊಂಚಲಿನ ಇಂಥದೇ ಒಬ್ಬರು ಇರುತ್ತಾರೆ. ಇಬ್ಬರಿಗೂ ಶಾಮಿಯಾನದವನ ಅಂಗಡಿಯಲ್ಲೇ ಪರಿಚಯ, ಇಬ್ಬರ ಹೆಸರ ಮುಂದೂ ‘ಬಾಕಿ’. ಅಲ್ಲಿ ಸಂಜೆ ಬೇಕಾದ ಕುರ್ಚಿ ಇಲ್ಲಿ ಬೆಳಿಗ್ಗೆ ಬೇಕು ಎಂಬ ಒಂದು ಮಾತಿನಲ್ಲಿ ವಿಷಯ ಇತ್ಯರ್ಥವಾಗುತ್ತದೆ.

ಹಬ್ಬ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಅಂಕಲ್ ಕುರ್ಚಿಗಳನ್ನು ಹತ್ತರಂತೆ ಪೇರಿಸಿ ಎಣಿಸುತ್ತಾರೆ. ಬಂದದ್ದು ಮುನ್ನೂರು, ಎಣಿಸಿದರೆ ಮುನ್ನೂರ ಮೂರು. ಹೆಚ್ಚಾದ ಮೂರರ ಬೆನ್ನಿನ ಮೇಲೆ ಗಣಪತಿ ಸಮಿತಿಯ ಹೆಸರು ಬಳಿದಿರುತ್ತದೆ. ಮರುದಿನ ಅವನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋಗಿ ಒಪ್ಪಿಸಿ, ಅಲ್ಲಿ ಕೊಟ್ಟ ಕಾಫಿ ಕುಡಿದು, ಆ ಪೆಂಡಾಲಿನಲ್ಲಿ ಎಷ್ಟು ಸಾಲು ಹಾಕಿದ್ದಾರೆ ಎಂದು ಎಣಿಸಿ ಬರುತ್ತಾರೆ.