ಮೂರು ಮಿಲಿಮೀಟರಿನ ಶ್ವಾನಾಯ

ಹುಣಸೂರಿನ ಯಾವ ಪ್ಲೈವುಡ್ ಅಂಗಡಿಗಾದರೂ ಹೋಗಿ, 'ಹದಿನೆಂಟು ಎಂ.ಎಂ. ದಪ್ಪದ್ದು, ಎಂಟಡಿಗೆ ನಾಲ್ಕಡಿಯದು ಒಂದು ಶೀಟು ಕೊಡಿ' ಎಂದರೆ ಅಂಗಡಿಯವರು ಹುಬ್ಬೇರಿಸುವುದಿಲ್ಲ. ಒಂದೇ ಹಲಗೆಗೆ ಉದ್ದಗಲ ಬ್ರಿಟಿಷರದು, ದಪ್ಪ ಫ್ರೆಂಚರದು. ಕಬ್ಬಿಣ ಹನ್ನೆರಡು ಎಂ.ಎಂ., ನಲ್ಲಿ ಪೈಪು ಅರ್ಧ ಇಂಚು, ಜಮೀನು ಎಕರೆ-ಗುಂಟೆ, ಬೋರು ಅಡಿಗಿಷ್ಟು. ಮಳೆಗಾಲದಲ್ಲಿ ಕೆ.ಆರ್. ನಗರದಿಂದ ಫೋನ್ ಮಾಡುವ ನಮ್ಮ ಮಾವನವರು ಮೊದಲು ಹೇಳುವುದು ಕಬಿನಿ 2284 ಅಡಿ ಮುಟ್ಟಿತೋ ಇಲ್ಲವೋ ಎಂಬುದನ್ನು. ಮಗಳ ಆರೋಗ್ಯ ಆಮೇಲೆ. ಸರ್ಕಾರ 1956ರಲ್ಲೇ ಕಾಯ್ದೆ ಮಾಡಿ 1958ರ ಅಕ್ಟೋಬರಿನಿಂದ ಮೆಟ್ರಿಕ್ ಅಳತೆಯನ್ನು ಜಾರಿಗೆ ತಂದಿತ್ತು. ಕಬಿನಿಯ ಬೀಚನಹಳ್ಳಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಆದರೂ ಅಲ್ಲಿ ನೀರು ಅಡಿಯಲ್ಲೇ ಏರುತ್ತದೆ, ಟಿಎಂಸಿಯಲ್ಲೇ ನಿಲ್ಲುತ್ತದೆ, ಕ್ಯೂಸೆಕ್ಕಿನಲ್ಲೇ ಹರಿಯುತ್ತದೆ.

ಇಷ್ಟು ಹೊಂದಿಕೊಂಡು ಬಾಳುತ್ತಿದ್ದ ಕೂಡುಕುಟುಂಬಕ್ಕೆ ಹುಳಿ ಹಿಂಡಿದ್ದು ಡ್ರಾಯಿಂಗ್ ಸಾಫ್ಟ್‌ವೇರು. ಅದರದು ಒಂದೇ ಹಟ: ಇಂಚೋ, ಮಿಲಿಮೀಟರೋ, ಈಗಲೇ ಹೇಳು.

ಅಮೆರಿಕದಲ್ಲಿರುವ ನನ್ನ ಭಾಮೈದ ಹುಣಸೂರಿನ ತನ್ನ ಮೂವತ್ತು-ನಲವತ್ತರ ಸೈಟಿಗೆ ಅಲ್ಲಿಯ ಗೆಳೆಯನೊಬ್ಬನಿಂದ ಪ್ಲಾನ್ ಬರೆಸಿ ಕಳಿಸಿದ. "ಭಾವ, ಎಲ್ಲಾ ಅಡಿ-ಇಂಚಲ್ಲಿದೆ. ಮೆಟ್ರಿಕ್‌ಗೆ ಬದಲಾಯಿಸಿ ಇಂಜಿನಿಯರ್ ಕೈಗೆ ಕೊಟ್ಬಿಡಿ. ನಿಮಗೆ ಎರಡು ನಿಮಿಷದ ಕೆಲಸ." ಮಂಜೂರಾತಿಗೆ ಹೋಗುವ ನಕ್ಷೆ ಮೀಟರಿನಲ್ಲಿರಬೇಕಲ್ಲ. 'ಆಟೋಕ್ಯಾಡ್ ಬಲ್ಲ ಅಳಿಯ' ಎಂಬ ಬಿರುದು ಹೆಂಡತಿಯ ತವರಿನಲ್ಲಿ ನನಗಿದೆ. ಅದನ್ನು ದಯಪಾಲಿಸಿದವನೂ ನಾನೇ ಎಂಬುದು ಬೇರೆ ಮಾತು.

ಲೆಕ್ಕ ನಿಜಕ್ಕೂ ಸುಲಭ. 1959ರಲ್ಲಿ ಅಮೆರಿಕ, ಬ್ರಿಟನ್ ಮತ್ತಿತರ ದೇಶಗಳು ಕೂತು ಒಪ್ಪಂದ ಮಾಡಿಕೊಂಡು, ಇಂಚೆಂದರೆ ಕರಾರುವಾಕ್ಕಾಗಿ 25.4 ಮಿಲಿಮೀಟರು ಎಂದು ಗೊತ್ತುಮಾಡಿದವು. ಅಲ್ಲಿಯವರೆಗೆ ಆ ಎರಡು ದೇಶಗಳ ಇಂಚುಗಳಿಗೇ ಕೂದಲೆಳೆಗಿಂತ ಕಡಿಮೆ, ಆದರೂ ಇದ್ದೇ ಇದ್ದ ಒಂದು ಮನಸ್ತಾಪವಿತ್ತು. ಈ ಇತಿಹಾಸವನ್ನೆಲ್ಲ, ಅವಳು ಕೇಳದಿದ್ದರೂ, ಹೆಂಡತಿಗೆ ವಿವರಿಸುತ್ತಾ ಫೈಲನ್ನು ಮಿಲಿಮೀಟರಿನ ಹಾಳೆಗೆ ಇನ್ಸರ್ಟ್ ಮಾಡಿದೆ. ಪರದೆ ಖಾಲಿ. ಹುಡುಕಿದರೆ ಮೂಲೆಯಲ್ಲೊಂದು ಚುಕ್ಕೆ. ಅಳೆದರೆ 360ಕ್ಕೆ 480. ಸಾಫ್ಟ್‌ವೇರಿಗೆ ಗೊತ್ತಿರುವುದು ಬರೀ ಸಂಖ್ಯೆ. ಅದು ಯಾವುದರ ಸಂಖ್ಯೆ ಎಂದು ಫೈಲೇ ಬಾಯಿಬಿಟ್ಟು ಹೇಳಬೇಕು. ಈ ಫೈಲು 'ಯೂನಿಟ್‌ಲೆಸ್' ಎಂದು ತೆಪ್ಪಗೆ ಕೂತಿತ್ತು. ಮೂವತ್ತಡಿಯ 360 ಇಂಚು 360 ಮಿಲಿಮೀಟರಾಗಿ, ಮನೆ ಊಟದ ಮಣೆಯಷ್ಟಾಗಿತ್ತು.

"ಇದ್ರಲ್ಲಿ ಅಟ್ಯಾಚ್ಡ್ ಬಾತ್‌ರೂಮು ಬೇರೇನಾ?" ಎಂದಳು ಹೆಂಡತಿ.

ಮೂಲ ಫೈಲಿನ ಯೂನಿಟ್ಸ್ ತೆರೆದು 'ಇಂಚು' ಎಂದು ನಮೂದಿಸಿ, ಮತ್ತೆ ಇನ್ಸರ್ಟ್ ಮಾಡಿ, ಯಾವುದಕ್ಕೂ ಇರಲಿ ಎಂದು ಸ್ಕೇಲ್ ಕೊಟ್ಟು 25.4 ಒತ್ತಿದೆ. ಈ ಸಲ ಮನೆ ಪರದೆಯಲ್ಲಿ ಹಿಡಿಸಲೇ ಇಲ್ಲ. ಫೈಲು ಇಂಚಿನದೆಂದು ತಿಳಿದ ಕೂಡಲೇ ಸಾಫ್ಟ್‌ವೇರು ತಾನಾಗಿಯೇ 25.4ರಿಂದ ಗುಣಿಸಿಕೊಂಡಿರುತ್ತದೆ, ಅದರ ಮೇಲೆ ಭಾವನವರ ಗುಣಾಕಾರ. ಅಗಲ 232 ಮೀಟರು, ಉದ್ದ ಸುಮಾರು 310. ಭಾನುವಾರದ ಬಾಡೂಟಕ್ಕೆ ಬಂದಿದ್ದ ಮಾವನವರು ಬೆನ್ನ ಹಿಂದೆಯೇ ನಿಂತಿದ್ದರು. ಮೀಟರನ್ನು ಅಡಿಗೆ, ಅಡಿಯನ್ನು ಗುಂಟೆಗೆ ಬಾಯಲ್ಲೇ ಇಳಿಸಿ, "ಹದಿನೇಳು ಮುಕ್ಕಾಲು ಎಕರೆ ಆಯ್ತಲ್ಲ ಅಳಿಯಂದಿರೇ, ಪಹಣಿ ಯಾರ ಹೆಸರಿಗೆ ಮಾಡಿಸ್ತೀರಿ?" ಎಂದರು.

ಅಂತೂ ಮನೆ ಸೈಟಿನೊಳಗೆ ಕೂತ ಮೇಲೆ ಮೇಸ್ತ್ರಿಯನ್ನು ಕರೆಸಿದೆವು. ಎಚ್.ಡಿ. ಕೋಟೆ ಕಡೆಯವರು, ಪಿರಿಯಾಪಟ್ಟಣದ ಸುತ್ತ ಹೊಗೆಸೊಪ್ಪಿನ ಬ್ಯಾರನ್ ಕಟ್ಟಿ ಕೈ ಪಳಗಿದವರು. ಪ್ರಿಂಟನ್ನು ತಲೆಕೆಳಗಾಗಿ ಹಿಡಿದೇ ಎಲ್ಲ ಓದಿಬಿಟ್ಟರು.

"ಹಾಲ್‌ನಾಗೆ ಇದೇನ್ ಸಾ, ಗೂಡು?"

"ಫೈರ್‌ಪ್ಲೇಸು. ಚಳಿಗೆ ಬೆಂಕಿ ಹಾಕೋದು. ಮೇಲೆ ಚಿಮಣಿ."

"ಅಮೇರಿಕದೋರು ಮನೆ ಒಳಗೇ ಸೊಪ್ಪು ಬೇಯಿಸ್ತಾರಾ?"

ಅದನ್ನು ಅಳಿಸಿದೆ. ಆಮೇಲೆ ಗೋಡೆ. ನನ್ನ ನಕ್ಷೆಯಲ್ಲಿ 139.7 ಎಂದಿತ್ತು, ಅಂದರೆ ಐದೂವರೆ ಇಂಚು. "ಇಟ್ಟಿಗೇಲಿ ಒಂಬತ್ತಿಂಚು ಐತೆ, ನಾಲ್ಕೂವರೆ ಐತೆ. ಇದ್ಯಾವುದು?" ಅಲ್ಲಿ ಗೋಡೆಯೆಂದರೆ ಮರದ ಚೌಕಟ್ಟು ಎಂದು ಪಾಠ ಶುರುಮಾಡಿದೆ. ಎರಡಕ್ಕೆ ಆರಿಂಚು ಎಂದು ಮಾರುವ ಮರ ಒಣಗಿ ನುಣುಪಾದ ಮೇಲೆ ಒಂದೂವರೆಗೆ ಐದೂವರೆ. ಎರಡಕ್ಕೆ ನಾಲ್ಕರದು ಒಂದೂವರೆಗೆ ಮೂರೂವರೆ. ಹೆಸರು ಹಳೆಯದೇ ಉಳಿದಿದೆ. ಜೊತೆಗೆ ಬಂದಿದ್ದ ಮರಗೆಲಸದವನು ಹುಣಸೂರಿನವನೇ. ಸಾಮಿಲ್ಲುಗಳ ಊರಿನಲ್ಲಿ ಹುಟ್ಟಿದವನಿಗೆ ಈ ಮಾತು ತಡೆಯಲಾಗಲಿಲ್ಲ. "ನಮ್ ಡಿಪೋದಾಗೆ ಹಿಂಗ್ ಕೊಟ್ರೆ ಜನ ಸುಮ್ಕೆ ಬುಟ್ಟಾರಾ?" ಎಂದು ನನ್ನನ್ನೇ ದುರುಗುಟ್ಟಿದ, ಆ ಮರ ಕೊಯ್ಸಿದವನು ನಾನೇ ಎಂಬಂತೆ.

ಇದೆಲ್ಲ ಬಗೆಹರಿಯಿತು. ಬಗೆಹರಿಯದ್ದು ಅತ್ತೆಯವರ ವಾಸ್ತುವಿನ ಪ್ರಶ್ನೆ: "ಆಯ ಕೂಡಿಬಂತಾ?" ದೊಡ್ಡ ಕೋಣೆ ಹನ್ನೊಂದಡಿಗೆ ಹನ್ನೊಂದಡಿ. 121ನ್ನು ಒಂಬತ್ತರಿಂದ ಗುಣಿಸಿದರೆ 1089. (ಒಂದು ಗುಂಟೆಯ ಚದರಡಿಯೂ ಇಷ್ಟೇ, ಮಾವನವರು ಇದನ್ನೇ ಶುಭಶಕುನವೆಂದು ಹಿಡಿದರು.) ಎಂಟರಿಂದ ಭಾಗಿಸಿದರೆ ಶೇಷ ಒಂದು, ಧ್ವಜಾಯ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಹನ್ನೊಂದಡಿಯೆಂದರೆ 3352.8 ಮಿಲಿಮೀಟರು, ಆ ದಶಾಂಶ ಕಣ್ಣಿಗೆ ಚುಚ್ಚುತ್ತದೆಂದು ನಾನು ಆಗಲೇ 3350 ಎಂದು ನೀಟಾಗಿ ತಿದ್ದಿದ್ದೆ. ಆಯಕ್ಕೂ ಮೆಟ್ರಿಕ್ಕಿಗೂ ಜಗಳವಿಲ್ಲವೆಂದು ತೋರಿಸುವ ಹುರುಪಿನಲ್ಲಿ ಅತ್ತೆಯವರ ಎದುರಿಗೇ ಕ್ಯಾಲ್ಕುಲೇಟರ್ ಒತ್ತಿದೆ. 3350ಕ್ಕೆ 3350, ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಶೇಷ ನಾಲ್ಕು.

ನಾಲ್ಕೆಂದರೆ ಶ್ವಾನಾಯ.

"ನನ್ನ ಮಗ ಮಲಗೋ ಕೋಣೇಲಿ ನಾಯಿ ತಂದು ಕಟ್ಟಿದ್ರಾ?" ಅತ್ತೆಯವರ ಕಣ್ಣಲ್ಲಿ ನೀರೇ ಬಂತು. ಗೋಡೆಗೆ ಬಳಿಯುವ ಗಾರೆಯೇ ಹನ್ನೆರಡು ಎಂ.ಎಂ., ಮೇಸ್ತ್ರಿಯ ಕರಣೆ ಒಂಚೂರು ಅಲುಗಿದರೂ ಮೂರು ಎಂ.ಎಂ. ಹೋಗುತ್ತದೆ ಎಂದು ಸಮಾಧಾನ ಹೇಳಲು ಹೋದೆ. ಹಾಗಾದರೆ ಮೇಸ್ತ್ರಿಯನ್ನೇ ಬದಲಾಯಿಸಿ ಎಂದರು. ಕೊನೆಗೆ 3353 ಎಂದು ತಿದ್ದಿ ಲೆಕ್ಕ ಹಾಕಿದರೆ ಶೇಷ ಮತ್ತೆ ಒಂದೇ ಬಂತು. ಸತ್ಯವಾಗಿ ಹೇಳುತ್ತೇನೆ, ಯಾವ ಸಾಫ್ಟ್‌ವೇರೂ ಕೊಡದ ನೆಮ್ಮದಿ ಆ ಒಂದು ಕೊಟ್ಟಿತು.

ಮಂಜೂರಾತಿಗೆ ಮೀಟರಿನ ಪ್ರತಿ ಹೋಯಿತು. ಕೆಲಸದ ಪ್ರತಿಗೆ ಡೈಮೆನ್ಷನ್ ಸ್ಟೈಲಿನಲ್ಲಿ ಆಲ್ಟರ್ನೇಟ್ ಯೂನಿಟ್ಸ್ ಎಂಬ ಚೌಕಕ್ಕೆ ಟಿಕ್ ಹಾಕಿದೆ. ಪ್ರತಿ ಅಳತೆಯಲ್ಲೂ ಮಿಲಿಮೀಟರು, ಪಕ್ಕದಲ್ಲೇ ಕಂಸದೊಳಗೆ ಅಡಿ-ಇಂಚು. ಮೇಸ್ತ್ರಿ ಕಂಸದೊಳಗಿದ್ದುದನ್ನೆಲ್ಲ ಬಳಪದಲ್ಲಿ ಗೋಡೆಯ ಮೇಲೆ ಬರೆದುಕೊಂಡರು. ಆಮೇಲೆ ದೊಡ್ಡ ಕೋಣೆಯ ಮೇಲೆ ಬೆರಳಿಟ್ಟು ಕೇಳಿದರು:

"ಸಾ, ಅಡಿ ಗೊತ್ತಾಯ್ತು. ಈ 3353 ಏನು, ಸರ್ವೆ ನಂಬರಾ?"

ಹೌದು ಎಂದೆ.