ಹಾಳೆಬಂಡಿಯ ಹಕ್ಕುದಾರರು: ಮಾಣಿ ಸೀಮೆಯ ಬಾಲ್ಯವಾಹನ ಮೀಮಾಂಸೆ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಮಾಣಿಯಲ್ಲಿ ಕವಲೊಡೆದು, ಒಂದು ಕವಲು ಪುತ್ತೂರು, ಸುಳ್ಯ, ಮಡಿಕೇರಿ ದಾಟಿ ಮೈಸೂರಿನ ಕಡೆಗೆ ಸಾಗುತ್ತದೆ. ಈ ಕವಲಿನಲ್ಲಿ ಓಡಿದ ಬಸ್ಸು, ಲಾರಿ, ಜೀಪುಗಳ ಲೆಕ್ಕ ಇಡುವವರಿದ್ದಾರೆ. ಅಲ್ಲಿಂದ ಕೂಗಳತೆಯ ತೋಟಗಳಲ್ಲಿ ಚಕ್ರವಿಲ್ಲದೆ, ಬ್ರೇಕಿಲ್ಲದೆ, ಲೈಸೆನ್ಸಿಲ್ಲದೆ ಓಡಿದ ಹಾಳೆಬಂಡಿಯ ಲೆಕ್ಕ ಇಟ್ಟವರಿಲ್ಲ. 48 ಎಂದಿದ್ದ ಹೆದ್ದಾರಿಗೆ 75 ಎಂದು ಹೊಸ ನಂಬರು ಬಂತು. ಹಾಳೆಬಂಡಿಗೆ ಹಳೆಯ ನಂಬರೂ ಇರಲಿಲ್ಲ. ಈ ಲೋಪದ ನಿವಾರಣೆಗಾಗಿ ಪ್ರಸ್ತುತ ಪ್ರಬಂಧ.

ಮೊದಲು ವಾಹನ ಲಕ್ಷಣ. ಅಡಿಕೆಮರ ವರ್ಷಕ್ಕೆ ಏಳೆಂಟು ಸೋಗೆ ಉದುರಿಸುತ್ತದೆ. ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ಅಗಲ ಭಾಗವೇ ಹಾಳೆ. ಅದರ ಮೇಲೆ ಒಬ್ಬ ಕಾಲು ಮಡಚಿ ಕೂತು ಎರಡೂ ಅಂಚು ಹಿಡಿಯಬೇಕು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯಬೇಕು. ಅಂದು ಬಿದ್ದ ಹಾಳೆಯ ಒಳಮೈ ನುಣುಪು. ಹೇಳಿದ ಹಾಗೆ ಬಾಗುತ್ತದೆ. ಬಿಸಿಲು ಕಂಡ ಹಾಳೆ ಸುರುಟಿಕೊಳ್ಳುತ್ತದೆ, ಕೂತ ಗಳಿಗೆಯಲ್ಲೇ ನಾರಿನ ಗುಂಟ ಚರ್ರೆಂದು ಸೀಳುತ್ತದೆ. ಆದ್ದರಿಂದ ಅದನ್ನು ತೋಟದ ಕಣಿಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಒಂದು ರಾತ್ರಿ ನೆನೆಹಾಕುವ ಸಂಸ್ಕಾರವನ್ನು ಪ್ರಾಜ್ಞರು ವಿಧಿಸಿದ್ದಾರೆ. (ಪ್ರಾಜ್ಞರೆಂದರೆ ಐದನೇ ಕ್ಲಾಸಿನವರು.) ಪಕ್ಕದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನೆ ನಡೆಯುತ್ತಿದೆ, 1972ರಲ್ಲಿ ಅಲ್ಲಿಂದ ‘ಮಂಗಳ’ ತಳಿ ಹೊರಬಂತು. ಬೇಗ ಫಸಲು, ಒಳ್ಳೆಯ ಇಳುವರಿ ಎಂದು ಕೃಷಿಕರು ಹೊಗಳಿದರು. ಅದರ ಹಾಳೆ ಎಷ್ಟು ತೂಕದ ಹುಡುಗನನ್ನು ಎಷ್ಟು ದೂರ ತಾಳುತ್ತದೆ ಎಂಬ ಮೂಲಭೂತ ಪ್ರಶ್ನೆ ಹಾಗೇ ಉಳಿಯಿತು.

ಎಳೆಯುವವನಿಗೂ ಕೂರುವವನಿಗೂ ಏನು ಸಂಬಂಧ? ಇಬ್ಬರೂ ಒಂದೇ, ಸರದಿ ಬದಲಾದಾಗ ಭೇದ ಅಳಿಯುತ್ತದೆ ಎಂದು ಅದ್ವೈತಿಗಳು. ಅನುಭವ ಇದನ್ನು ಒಪ್ಪುವುದಿಲ್ಲ. ಅತಿಥಿಯಾಗಿ ಬಂದ ಅತ್ತೆಯ ಮಗ ಸದಾ ಕೂರುತ್ತಾನೆ, ಮನೆಯ ಹುಡುಗ ಸದಾ ಎಳೆಯುತ್ತಾನೆ. ಇವರ ನಡುವಿನ ತಾರತಮ್ಯ ನಿತ್ಯವಾದದ್ದು. ದ್ವೈತವನ್ನು ಸಾರಿದ ಮಧ್ವಾಚಾರ್ಯರು ನಮ್ಮ ಅವಿಭಜಿತ ಜಿಲ್ಲೆಯ ಪಾಜಕದಲ್ಲೇ ಹುಟ್ಟಿದ್ದಕ್ಕೆ ಇನ್ನೇನು ಕಾರಣ ಬೇಕು?

ಈಗ ಮುಖ್ಯ ಸಿದ್ಧಾಂತ: ಮಾಣಿ ಸೀಮೆಯಲ್ಲಿ ಆಟಿಕೆ ಎಂಬ ಸ್ವತಂತ್ರ ವಸ್ತುವೇ ಇರಲಿಲ್ಲ. ಇದ್ದದ್ದೆಲ್ಲ ಬೇರೆ ಯಾರದೋ ಸೊತ್ತು. ಅದು ಕೈತಪ್ಪುವ ಮುನ್ನ ಸಿಕ್ಕಿದ ಸ್ವಲ್ಪ ಹೊತ್ತಿಗೆ ಆಟವೆಂದು ಹೆಸರು. ಹಾಳೆಯ ಹಕ್ಕುದಾರರನ್ನೇ ನೋಡಿ. ಕತ್ತಿಯಲ್ಲಿ ಕೊಚ್ಚಿ ಹಾಕಿದರೆ ದನ ತಿನ್ನುತ್ತದೆ. ಅದು ಪ್ರಥಮ ವಾರಸುದಾರ. ತೋಟದ ಕೆಲಸದವರ ತಲೆಗೆ ಮುಟ್ಟಾಳೆ ಆಗಬೇಕು. ಬಾಳಂತಿ ಇರುವ ಮನೆಯಲ್ಲಿ ಶಿಶುವನ್ನು ಮಲಗಿಸಿ ಮೀಯಿಸಲು ಅಗಲದ್ದೊಂದು ಬೇಕು. ಸೆಕೆಗೆ ಅಜ್ಜಿಗೆ ಬೀಸಾಳೆ ಬೇಕು. ಇವರೆಲ್ಲ ಬೇಡವೆಂದದ್ದು ಮಕ್ಕಳಿಗೆ. ಬೇಡವೆಂದವರನ್ನು ಸಂಶೋಧಕ ಕಂಡಿಲ್ಲ.

“ಅಜ್ಜೀ, ಇದೊಂದು ನಮಗೆ.”

“ಏ ಮಗಾ, ಅದು ದನಕ್ಕುಂಟು. ಅಲ್ಲೇ ಇಡು.”

“ಒಂದೇ ಸುತ್ತು ಅಜ್ಜೀ.”

“ಮಣ್ಣು ಮೆತ್ತಿದ ಹಾಳೆಯನ್ನು ನಿನ್ನಪ್ಪ ತಿಂತಾನಾ?”

ಹೀಗೆ ಮೊಕದ್ದಮೆ ಒಂದೇ ವಾಯಿದೆಯಲ್ಲಿ ಮುಗಿಯುತ್ತಿತ್ತು. 1974ರ ಭೂಸುಧಾರಣೆ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ಜಿಲ್ಲೆಯುದ್ದಕ್ಕೂ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದರು. ಎಳೆಯುವವನೇ ಹಾಳೆಯೊಡೆಯ ಎಂಬ ತಿದ್ದುಪಡಿ ಮಾತ್ರ ಶಾಸನಸಭೆಯ ತನಕ ಹೋಗಲೇ ಇಲ್ಲ. ಎಳೆಯುವವರಿಗೆ ಓಟಿರಲಿಲ್ಲ.

ಪೂರ್ವಪಕ್ಷ: ಜಾತ್ರೆಯಲ್ಲಿ ದುಡ್ಡು ಕೊಟ್ಟು ತಂದ ಆಟಿಕೆ ಮಕ್ಕಳದ್ದೇ ಅಲ್ಲವೇ? ಪೊಳಲಿ ಜಾತ್ರೆಯ ಚೆಂಡಿನ ದಿನ ಗದ್ದೆಯಲ್ಲಿ ದೊಡ್ಡವರು ಚೆಂಡಿನ ಹಿಂದೆ ಓಡುತ್ತಾರೆ, ಮಕ್ಕಳು ಸಂತೆಯಲ್ಲಿ ದೊಡ್ಡವರ ಜೇಬಿನ ಹಿಂದೆ ಓಡುತ್ತಾರೆ. ಅಲ್ಲಿ ಒತ್ತಿದರೆ ಟಿಕ್‌ಟಿಕ್ ಎನ್ನುವ ತಗಡಿನ ಕಪ್ಪೆ, ಕೇಪಿನ ಪಿಸ್ತೂಲು, ಪೀಪಿ. ಎಲ್ಲಕ್ಕೂ ಮಿಗಿಲಾದದ್ದು ತಗಡಿನ ಉಗಿದೋಣಿ. ಇದರ ಪೇಟೆಂಟನ್ನು 1891ರಲ್ಲಿ ಥಾಮಸ್ ಪಿಯೋ ಎಂಬ ಫ್ರೆಂಚ್ ಮನುಷ್ಯ ಬ್ರಿಟನ್ನಿನಲ್ಲಿ ಪಡೆದಿದ್ದ. ಒಳಗೆ ಚಿಕ್ಕ ದೀಪ, ಅದರ ಮೇಲೆ ತೆಳು ತಗಡಿನ ಪುಟ್ಟ ಪೆಟ್ಟಿಗೆ, ಅಲ್ಲಿಂದ ಹಿಂದಕ್ಕೆ ಎರಡು ಕೊಳವೆ. ಪೆಟ್ಟಿಗೆಯ ನೀರು ಕಾದು ಉಗಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಉಗಿ ತಣಿದಾಗ ನೀರು ಮತ್ತೆ ಒಳಗೆ ನುಗ್ಗುತ್ತದೆ, ತಗಡು ಟಪಟಪ ಬಡಿಯುತ್ತದೆ, ದೋಣಿ ಮುಂದೆ ಹೋಗುತ್ತದೆ. ಸರಿ. ಆದರೆ ದೀಪಕ್ಕೆ ಎಣ್ಣೆ? ದೇವರ ಕೋಣೆಯದ್ದು. ಬತ್ತಿ? ಅದೂ ಅಲ್ಲಿಯದ್ದೇ. ತೇಲಿಸಲು ನೀರು? ಕೊಟ್ಟಿಗೆಯ ಕಲ್ಲುಮರಿಗೆಯದ್ದು. ಥಾಮಸ್ ಪಿಯೋ ಇಂಜಿನು ಕಂಡುಹಿಡಿದನೇ ಹೊರತು, ದೋಣಿ ಅರ್ಧ ದಾರಿಯಲ್ಲಿರುವಾಗ ಮರಿಗೆಗೆ ಮೂತಿ ಇಳಿಸುವ ಎಮ್ಮೆಗೆ ಪರಿಹಾರ ಕಂಡುಹಿಡಿಯಲಿಲ್ಲ. ಸಿದ್ಧಾಂತಕ್ಕೆ ಬಾಧೆಯಿಲ್ಲ.

ಸವೆದ ಟಯರನ್ನು ಕೋಲಿನಲ್ಲಿ ಬಡಿದು ಓಡಿಸುವ ಶಾಸ್ತ್ರವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಿಡಿಸಲು ಅದರ ಚೂರು ಬೇಕಾಗಿತ್ತು ಎಂದರೆ ಸಾಕು.

ರಸ್ತೆಯ ಸಮಸ್ಯೆಯನ್ನೂ ಹೇಳಬೇಕು. ಸೆಗಣಿ ಸಾರಿಸಿದ ಅಂಗಳಕ್ಕಿಂತ ಉತ್ತಮ ಹೆದ್ದಾರಿ ಹಾಳೆಬಂಡಿಗೆ ಇಲ್ಲ. ಅಂಗಳ ಸಜ್ಜಾಗುತ್ತಿದ್ದಂತೆ ಅಡಿಕೆ ಬಂದು ಬೀಳುತ್ತದೆ. ಅದು ಒಣಗಿ ಚಾಲಿಯಾಗಲು ಸುಮಾರು 40 ದಿನ ಬಿಸಿಲು ಬೇಕು. ಅಷ್ಟೂ ದಿನ ಸಂಚಾರ ಬಂದ್. ಬದಲಿ ಮಾರ್ಗ ಗುಡ್ಡೆಯ ಮುರಕಲ್ಲಿನ ಇಳಿಜಾರು. ಅಲ್ಲಿ ಎಳೆಯುವವನ ಅಗತ್ಯವೇ ಇಲ್ಲ, ನಿಲ್ಲಿಸುವವನ ಅಗತ್ಯ ಉಂಟು.

ಇತ್ತೀಚೆಗೆ ಹೊಸ ಹಕ್ಕುದಾರನೊಬ್ಬ ಪಿಕಪ್ಪಿನಲ್ಲಿ ಬರುತ್ತಾನೆ. ಹಾಳೆಯನ್ನು ಲೆಕ್ಕ ಮಾಡಿ ಕೊಂಡು, ಬಿಸಿ ಅಚ್ಚಿನಲ್ಲಿ ಒತ್ತಿ, ತಟ್ಟೆ ಮಾಡಿ ಪರದೇಶಕ್ಕೂ ಕಳಿಸುತ್ತಾನೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಇಂಥ ತಟ್ಟೆ ಊಟಕ್ಕೆ ಸುರಕ್ಷಿತವಲ್ಲ ಎಂದು ತಕರಾರು ತೆಗೆಯಿತು. ತಟ್ಟೆ ತಯಾರಕರಿಗೆ ಇದು ಸಂಕಟದ ವಿಷಯ, ನಗುವಂಥದ್ದಲ್ಲ. ಆದರೂ ಶಾಸ್ತ್ರದೃಷ್ಟಿಯಿಂದ ಗಮನಿಸತಕ್ಕದ್ದು: ಹಾಳೆಯಲ್ಲಿ ಉಣ್ಣುವುದನ್ನು ಆಕ್ಷೇಪಿಸಿದ ಆಡಳಿತ, ಹಾಳೆಯಲ್ಲಿ ಕೂರುವುದರ ಬಗ್ಗೆ ಚಕಾರ ಎತ್ತಿಲ್ಲ.

ಕೊನೆಗೆ ಉಳಿಯುವ ವಿವಾದ ಹರಿದ ಚಡ್ಡಿಯದ್ದು. ಹೊಣೆ ಯಾರದು? ಎಳೆದ ವೇಗವೇ ಕಾರಣ ಎಂದು ಕೂತವರ ಪಂಥ. ಕೂತ ಭಾರವೇ ಕಾರಣ ಎಂದು ಎಳೆದವರ ಪಂಥ. ಹಾಳೆ ನೆನೆಯಲು ಬಿಡದ ಅವಸರವೇ ಕಾರಣ ಎಂದು, ಸರದಿಗಾಗಿ ಕಾದು ಕಾದು ಬೇಸತ್ತ ಮೂರನೆಯವರ ಪಂಥ. ಅಡುಗೆಮನೆಯ ನ್ಯಾಯಪೀಠ ಈ ವಾದಗಳನ್ನು ಆಲಿಸುತ್ತಿರಲಿಲ್ಲ. ಅಡರು ಹಿಡಿದು ಹೊರಬಂದು ಮೂವರಿಗೂ ಸಮಪಾಲು ಹಂಚಿ, ಚಡ್ಡಿಯನ್ನು ಪೇಟೆಯ ಟೈಲರಿಗೆ ಕಳಿಸುತ್ತಿತ್ತು. ತೇಪೆ ಹಾಕುವಾಗ ಟೈಲರು ಬಟ್ಟೆ ತಿರುವಿ ನೋಡಿ, “ಹಾಳೆಯಾ?” ಎಂದು ಕೇಳುತ್ತಿದ್ದರು.